ಮೇಜಿನ ಕಾಲಡಿಯ ಕಂಚಿನ ನಾಣ್ಯ

ದೋಹಾದ ಮುಶೈರಿಬ್ ಬಡಾವಣೆಯ ಹಳೆಯ ಕಟ್ಟಡಗಳನ್ನು ಆಗಿನ್ನೂ ಕೆಡವಿರಲಿಲ್ಲ. ನಾನು ಅಲ್ಲಿಯ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಮಧ್ಯಾಹ್ನದ ಊಟ ಪಕ್ಕದ ಅಲ್ ಮನ್ಸೂರಾ ಬಡಾವಣೆಯಲ್ಲಿ, ಉಳ್ಳಾಲ ಕಡೆಯ ಬ್ಯಾರಿಯೊಬ್ಬರ ಹೋಟೆಲಿನಲ್ಲಿ.

ಒಂದು ದಿನ ಅವರು ಕಂಚಿನ ನಾಣ್ಯಗಳ ಸರವೊಂದನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ದುಂಡನೆಯ ನಾಣ್ಯಗಳು, ನಡುವೆ ಚೌಕ ತೂತು, ಸುತ್ತ ಚೀನೀ ಅಕ್ಷರ.

“ತಂದೆ ಹಡಗಿನಲ್ಲಿ ಅಡುಗೆಗೆ ಇದ್ದಾಗ ತಂದದ್ದು. ಚೀನಾದ ರಾಜರ ಕಾಲದ್ದಂತೆ. ಹೀಗೇ ದಾರಕ್ಕೆ ಪೋಣಿಸಿ, ಹೆಗಲಿಗೆ ಹಾಕ್ಕೊಂಡು ಅಲ್ಲಿಯ ಜನ ಸಂತೆಗೆ ಸೊಪ್ಪು, ಮೀನು ತರ್ಲಿಕ್ಕೆ ಹೋಗ್ತಿದ್ರಂತೆ. ಮನೆಯಲ್ಲಿ ಎಲ್ಲ ಬಂಡಲ್ ಅಂತ ನಗ್ತಾರೆ. ನೀವು ಪೇಪರಿನವರು, ನೋಡಿ ಹೇಳಿ ಸಾರ್.”

ನೋಡಿದೆ. ಒಂದು ದಪ್ಪ, ಇನ್ನೊಂದು ತೆಳು. ಅಂಚಿನ ತುಂಬ ಅರದ ಗೀರು. ಕೆಲವುಗಳ ಬದಿಯಲ್ಲಿ ಮುರಿದ ಗುರುತು. ಟಂಕಸಾಲೆಯ ನಾಣ್ಯ ಹೀಗಿರುವುದಿಲ್ಲ ಎಂದುಕೊಂಡೆ. ಎರಡು ಸಾಲಿನ ಸುದ್ದಿಗೂ ಇಬ್ಬರನ್ನು ವಿಚಾರಿಸುತ್ತಿದ್ದವನು, ಅನ್ನಕ್ಕೆ ಮೀನಿನ ಸಾರು ಕಲಸುತ್ತಲೇ ತೀರ್ಪು ಕೊಟ್ಟೆ.

“ನಕಲಿ ಮಾರಾಯ್ರೆ. ಯಾವುದೋ ಗುಜರಿಯಲ್ಲಿ ಮಾಡಿದ್ದು.”

“ಖಲಾಸ್! ತಂದೆಗೆ ಯಾರೋ ಟೋಪಿ ಹಾಕಿದ್ದಾರೆ” ಎಂದು ನಕ್ಕರು. ದಿನಾ ಅಲುಗುತ್ತಿದ್ದ ನನ್ನ ಮೇಜು ಮರುದಿನ ಅಲುಗಲಿಲ್ಲ. ಅದರ ಗಿಡ್ಡ ಕಾಲಿನಡಿ ಆ ಸರದ ಎರಡು ನಾಣ್ಯಗಳನ್ನು ಇಟ್ಟಿದ್ದರು. ತಿಂಗಳುಗಟ್ಟಲೆ ಅಲ್ಲೇ ಆರಾಮವಾಗಿ ಊಟ ಮಾಡಿದೆ.

ಆಮೇಲೆ ನಗರದಲ್ಲಿ ಪ್ರಾಚೀನ ನಾಣ್ಯಗಳ ಪ್ರದರ್ಶನ ನಡೆಯಿತು. ವರದಿಗೆ ನನ್ನನ್ನೇ ಕಳಿಸಿದರು. ಅಲ್ಲಿಯ ಮೇಲ್ವಿಚಾರಕಿ ಅಂಥದೇ ಚೌಕ ತೂತಿನ ನಾಣ್ಯಗಳನ್ನು ತೋರಿಸಿ ವಿವರಿಸಿದರು: ಚೀನಾದಲ್ಲಿ ಇವನ್ನು ಅಚ್ಚೊತ್ತುತ್ತಿರಲಿಲ್ಲ, ಎರಕ ಹೊಯ್ಯುತ್ತಿದ್ದರು. ಕರಗಿದ ಕಂಚು ಅಚ್ಚಿನೊಳಗೆ ಮರದ ಕೊಂಬೆಗಳಂತೆ ಹರಡಿ ಗಟ್ಟಿಯಾಗುತ್ತಿತ್ತು. ಆ ಕೊಂಬೆಗಳಿಗೆ ಅಂಟಿದ್ದ ನಾಣ್ಯಗಳನ್ನು ಮುರಿದು ತೆಗೆದು, ಚೌಕ ಸಲಾಕೆಗೆ ಪೋಣಿಸಿ, ಅಂಚನ್ನು ಅರದಿಂದ ಉಜ್ಜುತ್ತಿದ್ದರು. ನಾನು ನಕಲಿಯ ಸಾಕ್ಷಿ ಎಂದುಕೊಂಡಿದ್ದೆಲ್ಲ ಕಸುಬಿನ ಗುರುತು. ದಾರದ ಸರವೂ ನಿಜ, ಸಂತೆಯೂ ನಿಜ. ಅಚ್ಚುಕಟ್ಟಾಗಿ ಬರೆದುಕೊಂಡೆ.

ತಪ್ಪಾದರೆ ಮರುದಿನವೇ ತಿದ್ದುಪಡಿ ಹಾಕುವುದು ಪತ್ರಿಕೆಯ ರೂಢಿ. ಮರುದಿನ ಹೋಟೆಲಿಗೆ ಹೋಗಿ, ನಾಣ್ಯ ನಕಲಿಯಲ್ಲ ಎಂದು ಹೇಳಿದೆ.

ಅವರು ಲೋಟ ಒರೆಸುವುದನ್ನು ನಿಲ್ಲಿಸಿದರು. “ಆವತ್ತೇ ಫೋನಿನಲ್ಲಿ ತಂದೆಗೆ ಹೇಳಿದ್ದೆ ಸಾರ್, ಪೇಪರಿನವರೇ ನಕಲಿ ಅಂದ್ರು ಅಂತ. ಆಮೇಲೆ ಅವರು ಹಡಗಿನ ಸುದ್ದಿಯೇ ತೆಗೀಲಿಲ್ಲ.”

“ಈಗಲೇ ಫೋನ್ ಮಾಡಿ. ನಾನೇ ಮಾತಾಡ್ತೇನೆ.”

“ರಂಜಾನಿಗೆ ಮೊದಲೇ ತೀರಿಕೊಂಡ್ರಲ್ಲ. ನಿಮಗೆ ಹೇಳಿದ್ದೆ.”

ಹೇಳಿದ್ದರು. ಆ ದಿನವೂ ನಾನು ಊಟ ಮುಗಿಸಿ, ಕೈ ತೊಳೆದು, ಕಚೇರಿಗೆ ಹೊರಟಿದ್ದೆ.

ಅವರು ಬಗ್ಗಿ ಮೇಜಿನ ಕಾಲಡಿಯ ನಾಣ್ಯಗಳನ್ನು ತೆಗೆದು ಅಂಗಿಗೆ ಒರೆಸಿದರು.

“ಆಚೆ ಮೇಜಿಗೆ ಕೂತ್ಕೊಳ್ಳಿ ಸಾರ್. ಇದು ಇನ್ನು ಅಲುಗ್ತದೆ.”