ಮೇಲಿನ ಓಣಿಗೆ ಸರಿದ ಅಡಿಕೆ

ಮೊನ್ನೆ ನಮ್ಮೂರಿನ ಇತವಾರಿ ಪೇಟೆಯ ಅಂಗಡಿಯಲ್ಲಿ ರಂಗೋಲಿ ಪುಡಿಯ ಚೀಲ ಬಿಚ್ಚಿದರು. ಆ ಒಣ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾನು ಅತ್ತಿಗೆಯೆಂದೇ ಭಾವಿಸಿ ‘ವೈನಿ’ ಎನ್ನುತ್ತಿದ್ದವರು ಕಣ್ಮುಂದೆ ಬಂದರು…

ಅವರ ಯಜಮಾನರು ಊರಾಚೆಯ ಹಿಂಗಣಾದ ಕಾರ್ಖಾನೆಯಲ್ಲಿ ಫಿಟ್ಟರ್. ಯಂತ್ರದ ಕೆಲಸ ಕಲಿಯಲು ಆಸ್ಟ್ರಿಯಾದ ಒಂದು ಸಣ್ಣ ಗುಡ್ಡಗಾಡು ಊರಿಗೆ ಹೋಗಿಬಂದಿದ್ದರು. ಊಟಕ್ಕೆ ಕೂತಾಗೆಲ್ಲ ಆ ಊರಿನದೇ ಮಾತು. ಒಂದೇ ಪಂಚಾಯಿತಿ, ಚದುರಿದ ನಾಲ್ಕು ಓಣಿ. ಹೊಳೆಯ ದಂಡೆಗೆ ಕಾರ್ಖಾನೆ, ಇವರ ವಸತಿ, ಸೇತುವೆಯಾಚೆ ಚರ್ಚು, ಇಳಿಜಾರಿನಲ್ಲಿ ದನದ ಕೊಟ್ಟಿಗೆಗಳು, ಎಲ್ಲಕ್ಕಿಂತ ಮೇಲೆ, ಗುಡ್ಡದ ಮಗ್ಗುಲಿಗೆ, ಹತ್ತಾರು ಮನೆ. ಅಲ್ಲಿನ ಹೆಸರುಗಳು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ವೈನಿ ಕೆಳಗಿನ ಓಣಿ, ಮೇಲಿನ ಓಣಿ ಎಂದು ತಮ್ಮೂರಿನಂತೆಯೇ ಕರೆದುಬಿಟ್ಟಿದ್ದರು. ಇಲ್ಲೇ ಸೀತಾಬರ್ಡಿ ಪೇಟೆಗೆ ಒಬ್ಬರೇ ಹೋದರೆ ದಾರಿ ತಪ್ಪುವ ಹೆಂಗಸಿಗೆ ಆ ಊರಿನ ಸಂದಿಗೊಂದಿಯೆಲ್ಲ ಗೊತ್ತು ಎಂದು ನಾವು ನಗುತ್ತಿದ್ದೆವು.

ಯಜಮಾನರು ಎರಡನೆಯ ಸಲ ಹೋದಾಗ ಕಾರ್ಖಾನೆಯವರೊಬ್ಬರು ಬಂದು, ಅಲ್ಲಿ ಬಿಡದೆ ಮಳೆ, ಹೊಳೆ ಏರುತ್ತಿದೆ, ಫೋನು ಹತ್ತುತ್ತಿಲ್ಲ ಎಂದು ಹೇಳಿಹೋದರು. ವೈನಿ ಅಡುಗೆಮನೆಯ ನೆಲದ ಮೇಲೆ ರಂಗೋಲಿಯಲ್ಲಿ ಇಡೀ ಊರು ಬರೆದರು. ಗಂಡ ಊರಲ್ಲಿಲ್ಲದಾಗ ಪೂಜೆಗೆ ಅವರ ಬದಲು ಒಂದು ಅಡಿಕೆ ಇಡುವುದು ಅವರ ಮನೆಯ ಪದ್ಧತಿ. ಆ ಅಡಿಕೆಯನ್ನೇ ತಂದು ಕೆಳಗಿನ ಓಣಿಯಲ್ಲಿಟ್ಟರು.

“ಹೊಳಿ ಬಂದ್ರ ಮೊದಲ ಇದ ಮುಳುಗ್ತದ. ಜಲ್ದಿ ಮ್ಯಾಲ ಹೋಗ್ರಿ ಅಂತ ಯಾರ ಹೇಳ್ಬೇಕು ಅವರಿಗೆ?” ಎಂದವರೇ ಅಡಿಕೆಯನ್ನು ಮೇಲಿನ ಓಣಿಗೆ ಸರಿಸಿ, ಕುಂಕುಮ ಹಚ್ಚಿ ಕೈಮುಗಿದರು. ನನಗೂ ಎದೆ ಹಗುರಾಯಿತು. ನಾವಿಬ್ಬರೂ ಬಯಲುಸೀಮೆಯವರು, ಹೊಳೆ ಬರುವುದನ್ನು ಕಂಡಿದ್ದೆವು, ಗುಡ್ಡ ಕುಸಿಯುವುದನ್ನು ಕಂಡಿರಲಿಲ್ಲ.

ಆಮೇಲಿನ ದಿನಗಳು… ಗೇಟಿನ ಸದ್ದಾದರೆ ಸಾಕು, ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಹಾಲು ಉಕ್ಕಿಹೋದರೂ ತಿಳಿಯುತ್ತಿರಲಿಲ್ಲ. ಕಡೆಗೆ ಕಾರ್ಖಾನೆಯವರೇ ಮತ್ತೆ ಬಂದರು. ನೀರಿಗೆ ಹೆದರಿ ಎಲ್ಲರನ್ನೂ ಮೇಲಿನ ಓಣಿಗೆ ಸಾಗಿಸಿದ್ದರಂತೆ. ನೀರು ಕೆಳಗಿನ ಮನೆಗಳ ಮೆಟ್ಟಿಲವರೆಗೆ ಬಂದು ಇಳಿದುಹೋಯಿತು. ಜರಿದದ್ದು ಗುಡ್ಡ. ಮೇಲಿನ ಮನೆಗಳ ಜೊತೆಗೆ ವೈನಿಯ ಯಜಮಾನರೂ ಹೋದರು.

ವೈನಿ ಅಳಲಿಲ್ಲ. “ನಾನ ಸರಿಸಿದೆ ಅವರನ್ನ,” ಎಂದರು. “ಹಂಗನ್ನಬ್ಯಾಡ್ರಿ ವೈನಿ” ಎಂದು ಎಷ್ಟು ಸಲ ಹೇಳಿದೆನೋ… ತವರಿಗೆ ಹೊರಟ ದಿನ ರೈಲಿನ ಕಿಟಕಿಯಿಂದ ನನ್ನ ಕೈ ಹಿಡಿದು ಕೇಳಿದರು, “ಅಲ್ಲೇ ಬಿಟ್ಟಿದ್ರ ಬದುಕ್ತಿದ್ರಲ್ಲ?”

ಹೋದ ವರ್ಷ ಅವರೂ ತೀರಿಕೊಂಡರೆಂದು ಸುದ್ದಿ ಬಂತು. ಹಾಗೆ ನಂಬಿಕೊಂಡೇ ಹೋದರೋ ಏನೋ, ಪಾಪ. ಈಗಲೂ ನಮ್ಮ ಮನೆಯವರು ಪರ ಊರಿಗೆ ಹೊರಟರೆ, ಎಲ್ಲಿ ಇಳಿದುಕೊಳ್ಳುತ್ತೀರಿ ಎಂದು ನಾನು ಕೇಳುವುದಿಲ್ಲ. ಗೊತ್ತಾದರೆ, ಇಲ್ಲಿ ಕೂತೇ ಅವರನ್ನು ಎಲ್ಲಿಗಾದರೂ ಸರಿಸಿಬಿಡುತ್ತೇನೆಂಬ ಭಯ.