ಮೊದಲ ಒತ್ತು ನಮಸ್ಕಾರದ್ದು

ಅಕ್ಷರ ಕೊಟ್ಟ ಗುರುವಿಗೆ ಶರಣು. ಆ ಅಕ್ಷರವನ್ನು ಕಬ್ಬಿಣದ ಕಂಟದಿಂದ ತಾಳೆಗರಿಯ ಮೇಲೆ ಕೊರೆದು, ತಮ್ಮ ಹೆಸರನ್ನು ಮಾತ್ರ ಎಲ್ಲಿಯೂ ಕೊರೆಯದೆ ಹೋದ ಕೈಗಳಿಗೆ ಶರಣು. ಆ ಗರಿಗಳನ್ನು ಹುಳುವಿಗೆ ಬಿಡದೆ ಕಾಯ್ದ ಬೇವಿನೆಲೆಗಳಿಗೂ ಒಂದು ಶರಣು ಸಲ್ಲಬೇಕು. ಕೊನೆಯದಾಗಿ, ನನ್ನ ಮೇಜಿನ ಮೇಲೆ ಬಾಲ ಚಾಚಿ ಮಲಗಿರುವ ಮೌಸಿಗೂ ನಮಸ್ಕಾರ. ಗಜಮುಖನ ವಾಹನವೆಂದು ಅದನ್ನು ಹಾಸ್ಯ ಮಾಡುವವರು ಬಹಳ ಮಂದಿ. ನಾನು ಹಾಸ್ಯ ಮಾಡುತ್ತಿಲ್ಲ. ವಿಘ್ನಗಳನ್ನು ತಂದೊಡ್ಡುವುದರಲ್ಲಿಯೂ ಕಳೆಯುವುದರಲ್ಲಿಯೂ ಅದರ ಸಾಮರ್ಥ್ಯವನ್ನು ಕಣ್ಣಾರೆ ಕಂಡವನು ನಾನು.

ಇನ್ನು ತಪ್ಪೊಪ್ಪಿಗೆ. ಆಯುಷ್ಯದ ಬಹುಭಾಗ ಸಂಸ್ಕೃತ ಪಾಠ ಹೇಳಿ, ಈಗ ಬೀದರಿನ ಮೈಲೂರಿನಲ್ಲಿ ಪೂಜೆ ಪಾರಾಯಣಗಳಲ್ಲಿ ಕಾಲ ಕಳೆಯಬೇಕಾದ ನಾನು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುತ್ತೇನೆ. ಮನೆಯವರು ಈ ಸಂಗತಿಯನ್ನು ಬಂದ ನೆಂಟರ ಮುಂದೆ ಆದಷ್ಟು ಮರೆಮಾಚುತ್ತಾರೆ. ಮುಪ್ಪಿನಲ್ಲಿ ಹತ್ತಿದ ಚಟಗಳಲ್ಲಿ ಇದು ಸೌಮ್ಯವಾದದ್ದೆಂದು ನನ್ನ ವಾದ.

ಚಟಕ್ಕೆ ಕಾರಣ ನನ್ನ ಅಕ್ಕ. ನೀಲಕ್ಕ ನನಗಿಂತ ಏಳು ವರ್ಷ ಹಿರಿಯಳು, ಭಾಲ್ಕಿಯಲ್ಲಿದ್ದಾಳೆ, ಹಿಂದೆ ಸಂತಪುರದ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಕ್ಕೋರಾಗಿದ್ದವಳು. ತಾಳೆಗರಿ ಓದುವ ವಿದ್ಯೆಯನ್ನು ನಮ್ಮಪ್ಪ ನನಗೆ ಕಲಿಸಲು ಹೋಗಿ ಸೋತು, ಅವಳಿಗೆ ಕಲಿಸಿ ಗೆದ್ದರು. ಪದಗಳ ನಡುವೆ ಬಿಡುವಿಲ್ಲದ, ಹುಳು ತಿಂದು ತೂತಾದ ಆ ಸಾಲುಗಳು ಅವಳ ಮುಂದೆ ನಿಂತು ತಾವಾಗಿಯೇ ಮಾತಾಡುತ್ತವೆ. ಔರಾದಿನ ಒಂದು ಮಠದ ಪೆಟ್ಟಿಗೆಯಲ್ಲಿದ್ದ ಗರಿಗಳನ್ನು ಚಿತ್ರ ತೆಗೆಸಿ, ಅಕ್ಷರ ಅಕ್ಷರವಾಗಿ ಕಂಪ್ಯೂಟರಿನಲ್ಲಿ ಗುರುತಿಸಿ ಬರೆಯುವ ಕೆಲಸವನ್ನು ಮಠದ ಸಮಿತಿ ಹಿಡಿದಾಗ, ಸಹಜವಾಗಿ ಅದು ಅವಳ ಪಾಲಿಗೆ ಬಂತು.

ಆದರೆ ನೀಲಕ್ಕನ ಬಲಗೈ ನಡುಗುತ್ತದೆ. ಸಮಿತಿ ತರಿಸಿದ್ದ ಪ್ರೋಗ್ರಾಮ್ ಪ್ರತಿ ಅಕ್ಷರದ ಮೇಲೂ ಡಬಲ್ ಕ್ಲಿಕ್ ಬೇಡುತ್ತಿತ್ತು. ಡಬಲ್ ಕ್ಲಿಕ್ ಎಂದರೆ ಎರಡು ಒತ್ತುಗಳು ಕಣ್ಣೆವೆ ಬಡಿಯುವಷ್ಟರಲ್ಲಿ, ಎಳ್ಳುಕಾಳಿನಷ್ಟು ಜಾಗದೊಳಗೆ ಬೀಳಬೇಕು. ಅವಳ ಮೊದಲ ಒತ್ತು ‘ಕ’ದ ಮೇಲೆ ಬಿದ್ದರೆ ಎರಡನೆಯದು ಪಕ್ಕದ ‘ರ’ದ ಅಂಗಳಕ್ಕೆ ಹೋಗಿರುತ್ತಿತ್ತು. ಯಂತ್ರ ಎರಡನ್ನೂ ಒಪ್ಪುತ್ತಿರಲಿಲ್ಲ. ಒಂದು ವಾರ ಹೀಗೆ ಕಳೆದ ಮೇಲೆ ಸಮಿತಿಯ ಅಧ್ಯಕ್ಷ ವೀರಭದ್ರಪ್ಪ ಫೋನ್ ಮಾಡಿದ. ಔರಾದಿನಲ್ಲಿ ಕಾಳುಕಡಿಯ ಅಂಗಡಿಯಿಟ್ಟವನು, ಸಂತಪುರದ ಸಾಲಿಯಲ್ಲಿ ಅವಳಿಂದಲೇ ಅಕ್ಷರ ಕಲಿತವನು.

“ಅಕ್ಕೋರೆ, ತಪ್ಪು ತಿಳಿಬ್ಯಾಡ್ರಿ. ನೀವು ಓದಿ ಹೇಳ್ರಿ ಸಾಕು, ಒತ್ತಾಕ ಬ್ಯಾರೆ ಮಂದಿ ಹಚ್ತೀವಿ. ಇಲ್ಲಾಂದ್ರ ಹೊರಗಿನವರಿಗಿ ಗುತ್ತಿಗಿ ಕೊಡ್ತೀವ್ರಿ.”

“ಓದೋ ಕಣ್ಣು ಒಬ್ರದು, ತೋರ್ಸೋ ಬೆರಳು ಇನ್ನೊಬ್ರದು ಆದ್ರ ನಡುವಿನ ಅಕ್ಷರ ಯಾರದಪಾ?” ಎಂದಳಂತೆ ಅಕ್ಕ. “ಹೊರಗಿನವರಿಗಿ ಆ ಲಿಪಿ ಬರ್ತದೇನು?”

ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಾರದವರು ಊಹಿಸಿ ಬರೆಯುತ್ತಾರೆ. ಒಮ್ಮೆ ಬರೆದದ್ದು ಮುಂದೆ ಪಾಠವಾಗಿ ನಿಲ್ಲುತ್ತದೆ. ಅವಳು ನನಗೆ ಅಷ್ಟನ್ನೂ ವರದಿ ಮಾಡಿ, “ತಮ್ಮಾ, ನನ್ನ ಕೈ ಕೆಟ್ಟದ, ಕಣ್ಣಲ್ಲ” ಎಂದು ಫೋನಿಟ್ಟಳು. ಆ ಮಾತು ನನ್ನನ್ನು ಚುಚ್ಚಿತು. ಕೈ ನಡುಗಿದರೆ ಅದು ಕೈಯ ಅಪರಾಧವೆಂದೂ, ನಡುಗುವ ಕೈಯನ್ನು ಸ್ವೀಕರಿಸಲಾರದ್ದು ಯಂತ್ರದ ಅಪರಾಧವಲ್ಲವೆಂದೂ ತೀರ್ಮಾನಿಸಿದವರು ಯಾರು? ಕ್ಷಮಿಸಬೇಕು, ಆ ತೀರ್ಪನ್ನು ನಾನು ಒಪ್ಪಲಿಲ್ಲ.

ನಮ್ಮ ಓಣಿಯಲ್ಲಿ ಖಾಜಾಸಾಬರಿದ್ದಾರೆ. ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದವರು. ಯಂತ್ರಗಳು ಬದಲಾದಂತೆ ತಾವೂ ಬದಲಾಗಿ, ಆಫೀಸುಗಳಿಗೆ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟು ಈಗ ವಿಶ್ರಾಂತರಾದವರು. ಅವರಲ್ಲಿ ಶಿಷ್ಯತ್ವ ಬೇಡಿದೆ. “ಈ ವಯಸ್ಸಿನಾಗ ಯಾಕ್ರಿ ಪಂಡಿತ್ರೆ ಈ ಜಿದ್ದು?” ಎಂದರು. ಜಿದ್ದಿಗೆ ತಕ್ಕ ವಯಸ್ಸು ಇದೇ ಎಂದೆ. ನಕ್ಕು, ಚಹಾ ತರಿಸಿ, ಅಂದೇ ಪಾಠ ಆರಂಭಿಸಿದರು.

ಫಾರ್ಮ್ ಎಂದರೆ ಪರದೆಯ ಮೇಲೆ ಕಟ್ಟಿದ ಒಂದು ಚೌಕ, ನಮ್ಮದೇ ಮನೆಯೆಂದು ತಿಳಿಯಬೇಕು. ಆ ಮನೆಯಲ್ಲಿ ಮೌಸ್ ಮಾಡುವ ಪ್ರತಿಯೊಂದು ಕ್ರಿಯೆಯ ಸುದ್ದಿಯೂ ಯಜಮಾನನಿಗೆ ತಲುಪುತ್ತದೆ: ಗುಂಡಿ ಒತ್ತಿದ್ದು, ಸರಿದದ್ದು, ಬಿಟ್ಟದ್ದು. ಪ್ರತಿ ಸುದ್ದಿಯ ಜೊತೆಗೆ ಎಕ್ಸ್ ಮತ್ತು ವೈ ಎಂಬ ಎರಡು ಸಂಖ್ಯೆಗಳು, ಕರ್ಸರ್ ಆಗ ಎಲ್ಲಿತ್ತೆಂಬುದಕ್ಕೆ ಸಾಕ್ಷಿಗಳಂತೆ ಬರುತ್ತವೆ. ಅಡ್ಡ ಎಷ್ಟು, ಉದ್ದ ಎಷ್ಟು. ಇಷ್ಟೇ. ನಾನಂದುಕೊಂಡದ್ದೂ ಇಷ್ಟೇ ಎಂದೇ.

ಅಳತೆ ಎಲ್ಲಿಂದ ಆರಂಭ ಎಂಬುದನ್ನು ಮಾತ್ರ ನಾನು ಗುರುಗಳನ್ನು ಕೇಳಲಿಲ್ಲ. ಕೇಳುವುದೇನು? ಮನೆ ಕಟ್ಟುವವನು ಮೊದಲ ಗೂಟವನ್ನು ಈಶಾನ್ಯದಲ್ಲಿ ಹೂಡುತ್ತಾನೆ. ಆದ್ದರಿಂದ ಪರದೆಯ ಮೇಲಿನ ಬಲ ಮೂಲೆಯನ್ನು ಶೂನ್ಯವೆಂದು ಹಿಡಿದು ಲೆಕ್ಕ ಬರೆದೆ. ಬಲಗಡೆಯ ಅಕ್ಷರವನ್ನು ಒತ್ತಿದರೆ ಎಡಗಡೆಯಲ್ಲಿ ಗುರುತು ಬಿತ್ತು. ಎಡಕ್ಕೆ ಒತ್ತಿದರೆ ಬಲಕ್ಕೆ. ಎರಡು ದಿನ ಕನ್ನಡಿಯ ಜೊತೆ ವ್ಯಾಜ್ಯವಾಡಿದಂತಾಯಿತು. ಖಾಜಾಸಾಬರು ನೋಡಿ, “ಶುರು ಎಡಗಡಿ ಮ್ಯಾಲಿನ ಮೂಲಿಯಿಂದ್ರಿ” ಎಂದರು.

“ಅದು ವಾಯವ್ಯವಾಯಿತಲ್ಲ!”

“ಮಷೀನಿಗಿ ದಿಕ್ಕು ಗೊತ್ತಿಲ್ರಿ ಪಂಡಿತ್ರೆ. ನೀವು ಅದಕ್ಕ ಶಾಸ್ತ್ರ ಹೇಳೋದು ಬಿಟ್ಟು, ಅದು ಹೇಳೂದು ಜರಾ ಕೇಳ್ರಿ.”

ಕೇಳಿದೆ. ವಾಯವ್ಯಕ್ಕೆ ಶರಣಾದೆ. ಆದರೂ ಗುರುತು ಅಕ್ಷರದ ಮೇಲೆ ಬೀಳದೆ ಗೇಣು ದೂರದಲ್ಲಿ ಬೀಳುತ್ತಿತ್ತು. ಫಾರ್ಮನ್ನು ಪರದೆಯ ಮೇಲೆ ಆಚೀಚೆ ಸರಿಸಿದಷ್ಟೂ ಗುರುತು ದೂರ ಓಡುತ್ತಿತ್ತು. ಇದರ ಮರ್ಮ ತಿಳಿಯಲು ಬಸ್ ನಿಲ್ದಾಣದ ಜ್ಞಾನ ಬೇಕಾಯಿತು. ಔರಾದ ಎಷ್ಟು ದೂರವೆಂದು ಬೀದರಿನಲ್ಲಿ ಕೇಳಿದರೆ ಒಂದು ಉತ್ತರ, ಭಾಲ್ಕಿಯಲ್ಲಿ ಕೇಳಿದರೆ ಇನ್ನೊಂದು. ಎರಡೂ ನಿಜ, ಔರಾದ ಮಾತ್ರ ಕದಲಿಲ್ಲ. ಕರ್ಸರಿನ ಸ್ಥಾನವನ್ನು ಇಡೀ ಪರದೆಯ ಮೂಲೆಯಿಂದಲೂ ಅಳೆಯಬಹುದು, ಫಾರ್ಮಿನ ಮೂಲೆಯಿಂದಲೂ ಅಳೆಯಬಹುದು. “ನೀವು ಬೀದರಿಂದ ಅಳತಿ ತೊಗೊಂಡು ಭಾಲ್ಕಿಂದ ನಡದೀರಿ” ಎಂದು ಖಾಜಾಸಾಬರು ತೀರ್ಪಿತ್ತರು. ಮನುಷ್ಯರ ಎಷ್ಟು ಜಗಳಗಳು ಇದೇ ಕಾರಣಕ್ಕೆ ಹುಟ್ಟುತ್ತವೆ ಎಂದು ಆ ರಾತ್ರಿಯೂಟಕ್ಕೆ ಕೂತು ಬಹಳ ಹೊತ್ತು ಯೋಚಿಸಿದೆ, ಸಾರು ಆರಿತು.

ಈಗ ನಡುಕದ ಪ್ರಶ್ನೆ. ನಡುಗುವ ಕೈಯನ್ನು ನೋಡಿದವರು ಅದು ತಪ್ಪು ಜಾಗಕ್ಕೆ ಹೋಗುತ್ತದೆಂದು ಮಾತ್ರ ಕಾಣುತ್ತಾರೆ. ಹಾಗಲ್ಲ. ಅಕ್ಕ ‘ಕ’ವನ್ನು ಒತ್ತಿ ಹಿಡಿದಾಗ ಕರ್ಸರ್ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಮೇಲೆ ಕೆಳಗೆ ಸ್ವಲ್ಪ ಅಲೆಯುತ್ತದೆ, ಆದರೆ ಅಲೆಯುವುದು ‘ಕ’ದ ಸುತ್ತಲೇ, ಗೂಟಕ್ಕೆ ಕಟ್ಟಿದ ಕರುವಿನಂತೆ. ಆದ್ದರಿಂದ ಡಬಲ್ ಕ್ಲಿಕ್ಕನ್ನು ನಾನು ಗಡೀಪಾರು ಮಾಡಿದೆ. ಒತ್ತಿದ ಕ್ಷಣದಿಂದ ಬಿಟ್ಟ ಕ್ಷಣದವರೆಗೆ ಕರ್ಸರ್ ತುಳಿದ ಎಲ್ಲ ಬಿಂದುಗಳನ್ನೂ ಕೂಡಿಸಿ, ಎಷ್ಟು ಬಿಂದುಗಳೋ ಅಷ್ಟರಿಂದ ಭಾಗಿಸಿ, ಬಂದ ಬಿಂದುವಿಗೆ ಹತ್ತಿರದ ಅಕ್ಷರವನ್ನು ಹಿಡಿ ಎಂದು ಬರೆದೆ. ಗೂಟ ಸಿಕ್ಕಿತು. ಭಾಲ್ಕಿಯಲ್ಲಿ ಅಕ್ಕನ ಎದುರು ಕೂತು ಮೊದಲ ಗರಿ ಪರೀಕ್ಷಿಸಿದಾಗ, ಮೂರು ಸಾಲಿನ ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ಕುಳಿತವು. ಅಷ್ಟು ಅಲೆದಾಟದ ನಡುವೆಯೂ ಅವಳ ಕೈ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಒಂದೇ ಒಂದು ಕಂಟಕ ಉಳಿಯಿತು. ಪ್ರತಿ ಗರಿಯ ಆರಂಭದಲ್ಲಿ, ಅಂಚಿನಲ್ಲೋ ತೂತಿನ ಮೇಲೋ, ಅರ್ಥವಿಲ್ಲದ ಒಂದು ಗುರುತು ಬಿದ್ದಿರುತ್ತಿತ್ತು. ನನ್ನ ಲೆಕ್ಕವನ್ನೆಲ್ಲ ಮೂರು ಸಲ ಶೋಧಿಸಿದೆ. ದೋಷ ಸಿಗಲಿಲ್ಲ. ಕೊನೆಗೆ ಪರದೆ ಬಿಟ್ಟು ಅಕ್ಕನನ್ನು ನೋಡಿದೆ. ಹೊಸ ಗರಿಯ ಚಿತ್ರ ತೆರೆಯಿತು. ಅವಳು ಮೌಸನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ಮೇಜಿನ ಮೇಲಿಟ್ಟಳು. ಎತ್ತುವಾಗ ಹೆಬ್ಬೆರಳು ಗುಂಡಿಯ ಮೇಲಿತ್ತು.

ಗ್ರಂಥ ತೆರೆಯುವ ಮುನ್ನ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಅಪ್ಪ ಕಲಿಸಿದ್ದರು. ಇಲ್ಲಿ ಗ್ರಂಥ ಗಾಜಿನ ಹಿಂದಿದೆ. ಕೈಗೆ ಸಿಕ್ಕಿದ್ದು ಮೌಸ್. ಅವಳಿಗೆ ಹೇಳಿ ಬಿಡಿಸಬಹುದಿತ್ತು. ಆದರೆ ಯಾರು ಯಾರಿಗೆ ಹೊಂದಿಕೊಳ್ಳಬೇಕೆಂಬ ಪ್ರಶ್ನೆಗೆ ನಾನು ಆಗಲೇ ಉತ್ತರಿಸಿಯಾಗಿತ್ತು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಪ್ರತಿ ಗರಿಯಲ್ಲಿಯೂ ಮೊದಲ ಒತ್ತು ನಮಸ್ಕಾರದ್ದು, ಅದನ್ನು ಎಣಿಸಬೇಡ.

ಸಮಿತಿ ಪರೀಕ್ಷೆಗೆ ಕರೆದ ದಿನ ಔರಾದಿನ ಮಠದ ಪಡಸಾಲೆಯಲ್ಲಿ ವೀರಭದ್ರಪ್ಪ ಎದುರಿಗೆ ಕೂತಿದ್ದ. ಕರಾರು ಸ್ಪಷ್ಟವಿತ್ತು: ಅವನು ಆರಿಸಿದ ಮೂರು ಗರಿಗಳನ್ನು ಅಕ್ಕ ತಾನೇ ಗುರುತಿಸಿದರೆ ಪೆಟ್ಟಿಗೆ ಅವಳದು, ಇಲ್ಲವಾದರೆ ಗುತ್ತಿಗೆದಾರರದು. ಅಕ್ಕ ಮೌಸ್ ಎತ್ತಿದಳು, ಕಣ್ಣಿಗೊತ್ತಿಕೊಂಡಳು, ಟಕ್ಕೆಂದು ಸದ್ದಾಯಿತು. ಪರದೆಯ ಮೇಲೆ ಏನೂ ಮೂಡಲಿಲ್ಲ. ಅನಂತರ ಅವಳು ಓದುತ್ತ ಹೋದಳು, ಗುರುತುಗಳು ಬೀಳುತ್ತ ಹೋದವು. ಮೂರೂ ಗರಿ ಮುಗಿದವು. ಒಂದು ಅಕ್ಷರವೂ ತಪ್ಪಿರಲಿಲ್ಲ.

“ಎಲ್ಲಾ ಬರೊಬ್ಬರಿ ಅದಾವ್ರಿ” ಎಂದ ವೀರಭದ್ರಪ್ಪ. “ಆದ್ರ ಪ್ರತಿ ಗರಿಗೂ ಮೊದಲಿನ ಕ್ಲಿಕ್ ನುಂಗ್ತದ ನಿಮ್ಮ ಪ್ರೋಗ್ರಾಮ್. ನಾ ಎಣಿಸೀನಿ. ಇದು ದೋಷ ಆತು. ಅದನ್ನ ತೆಗೀರಿ, ಇಲ್ಲಾಂದ್ರ ಸಮಿತಿ ಒಪ್ಪಂಗಿಲ್ಲ.”

“ತೆಗೆಯುವುದಿಲ್ಲ. ಅದು ದೋಷವಲ್ಲ, ನಮಸ್ಕಾರ.”

“ಮತ್ತ ನಮಸ್ಕಾರ ಮಾಡದವರ ಗತಿ ಏನ್ರಿ? ಅವರ ಮೊದಲನೇ ಅಕ್ಷರ ಹೋಗಂಗಿಲ್ಲೇನು?”

“ನಮಸ್ಕರಿಸದವರು ಎರಡು ಸಲ ಒತ್ತಲಿ.”

ಅವನ ಮುಖ ಬಿಗಿಯಿತು. ನನ್ನ ಮುಖವೂ ಬಿಗಿದೇ ಇತ್ತು, ಆದರೆ ಒಳಗೆ ಅಳುಕಿದೆ. ಒಂದು ಸಾಲನ್ನು ಅಳಿಸಲು ಒಂದು ಗಳಿಗೆ ಸಾಕು. ಉಳಿಸಿಕೊಂಡರೆ ಅಕ್ಕನ ಕೈಯಿಂದ ಪೆಟ್ಟಿಗೆಯೇ ಹೋಗಬಹುದು. ನನ್ನ ಜಿದ್ದಿಗೆ ಅವಳೇಕೆ ಬೆಲೆ ತೆರಬೇಕು? ಅವಳ ಕಡೆ ನೋಡಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.

“ವೀರಭದ್ರಾ, ಮುಂಜಾನಿ ಅಂಗಡಿ ತೆಗದ ಕೂಡ್ಲೆ ಮೊದಲ ಏನ್ ಮಾಡ್ತಿಯೋ?”

“ಏನ್ ಮಾಡ್ತೀನ್ರಿ, ಕಸ ಹೊಡೀತೇನಿ, ದೀಪ ಹಚ್ತೇನಿ, ತಕ್ಕಡಿ ಮುಟ್ಟಿ ಕಣ್ಣಿಗಿ ಹಚ್ಕೋತೇನಿ.”

“ತಕ್ಕಡಿ ಮುಟ್ಟಿದಾಗ ಅದು ಕೆಳಗ ಜಗ್ಗತದಲ್ಲ?”

“ಜಗ್ಗತದ್ರಿ.”

“ಆ ತೂಕಾ ಯಾವ ಗಿರಾಕಿ ಚೀಟಿಗಿ ಬರೀತಿಯೋ?”

ಪಡಸಾಲೆಯಲ್ಲಿದ್ದವರು ನಕ್ಕರು. ವೀರಭದ್ರಪ್ಪ ಮಾತ್ರ ನಗಲಿಲ್ಲ. ಸಂತಪುರದ ಸಾಲಿಯಲ್ಲಿ ಲೆಕ್ಕ ತಪ್ಪಿದಾಗ ನಿಂತಿರಬಹುದಾದ ಹಾಗೆ ತಲೆತಗ್ಗಿಸಿದ. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ಕೀಲಿ ತಂದು ಅಕ್ಕನ ಮುಂದಿಟ್ಟ. ನನ್ನ ಕಡೆ ತಿರುಗಿ, “ಆ ಸಾಲು ಇರ್ಲಿ ಬಿಡ್ರಿ, ಗುರುಗಳೆ” ಎಂದ. ಅಕ್ಕ ಕೀಲಿಯನ್ನು ನಡುಗುವ ಕೈಯಿಂದಲೇ ಎತ್ತಿ ಕಣ್ಣಿಗೊತ್ತಿಕೊಂಡಳು.

ಕೀಲಿ ಕೊಟ್ಟ ವೀರಭದ್ರಪ್ಪನ ತಕ್ಕಡಿ ಎಂದೂ ಸಮತೂಗಲಿ. ವಾಯವ್ಯದಲ್ಲಿಯೂ ಶುಭವುಂಟೆಂದು ಕಲಿಸಿದ ಖಾಜಾಸಾಬರ ಕಣ್ಣಿನ ಬೆಳಕು ಕುಂದದಿರಲಿ. ನಕ್ಕವರೆಲ್ಲ ನಗುತ್ತಲೇ ಇರಲಿ. ನೀಲಕ್ಕನಿಗೆ ಪೆಟ್ಟಿಗೆಯ ಕೊನೆಯ ಗರಿಯವರೆಗೆ ಆಯುಷ್ಯವಿರಲಿ. ಪೆಟ್ಟಿಗೆ ಬೇಗ ಮುಗಿಯದಿರಲಿ. ಇಲ್ಲಿಯವರೆಗೆ ನನ್ನೊಡನೆ ಬಂದ ಓದುಗ ಮಹಾಶಯರೆ, ನಿಮ್ಮ ಕೈಯೂ ಒಂದು ದಿನ ನಡುಗೀತು. ಅಂದು ನಿಮ್ಮೆದುರು ಕುಳಿತ ಯಂತ್ರವೂ ಮನುಷ್ಯರೂ ಅಲೆದಾಟವನ್ನು ಬಿಟ್ಟು ಗೂಟವನ್ನೇ ಕಾಣಲಿ.