ಫುವಾಟಿನೊ ಎಳೆದ ಗೆರೆ

ಫುವಾಟಿನೊ ಹಾಳೆ ಬಿಡಿಸಿ ಸಭಾಮನೆಯ ಕಂಬಕ್ಕೆ ಕಟ್ಟಿದ್ದೇ ತಡ, ಮಹಿಳಾ ಸಮಿತಿಯ ಅಧ್ಯಕ್ಷೆ ಮೆರಿಪಾ ಸೋಡಾ ಕ್ಯಾನೊಂದನ್ನು ಚಟ್ಟನೆ ತೆರೆದರು. ನೊರೆ ಹಾರಿ ಹಾಳೆಯ ಮೇಲೆ ಬಿತ್ತು.

“ಗೆರೆ ಮೇಲಕ್ಕೇ ಹೋಗ್ತಿದೆಯಲ್ಲೇ! ಹೆಚ್ಚು ಕುಡಿದ್ರೆ ಮೂಳೆ ಗಟ್ಟಿ ಅಂತ ತಾನೆ? ಇಷ್ಟು ದಿನ ಬೈದೆಯಲ್ಲ, ತಗೋ, ನೀನೂ ಕುಡಿ!”

ಸಭೆ ಬಿದ್ದು ಬಿದ್ದು ನಕ್ಕಿತು. ಗೆರೆ ಏರಿತ್ತು, ಎಳೆದವಳ ಮುಖ ಇಳಿದಿತ್ತು.

ಫುವಾಟಿನೊ ಸಾವಾಯಿ ದ್ವೀಪದ ನಮ್ಮ ಹಳ್ಳಿಯ ನರ್ಸ್. ಒಂದೇ ವರ್ಷದಲ್ಲಿ ಮೂವರು ಅಜ್ಜಿಯರ ಸೊಂಟ ಮುರಿದದ್ದನ್ನು ಕಂಡವಳು. ಅತಿಥಿಗೆ ಎಳನೀರು ಕೊಡುತ್ತಿದ್ದ ಊರು ಈಗ ಕಾಣಿಕೆಯ ನೋಟು ಸಿಕ್ಕಿಸಿದ ಸೋಡಾ ಕ್ಯಾನ್ ಕೊಡುತ್ತದಲ್ಲ, ಅದು ನಿಲ್ಲಬೇಕೆಂಬುದು ಅವಳ ಹಟ. ಸಮಿತಿ ಪುರಾವೆ ಕೇಳಿತು. ನಲವತ್ತೊಂದು ಹೆಂಗಸರ ಹಿಮ್ಮಡಿಯನ್ನು ಪುಟ್ಟ ಯಂತ್ರದಲ್ಲಿಟ್ಟು ಮೂಳೆಯ ಸಾಂದ್ರತೆ ಅಳೆದಳು. ವಾರಕ್ಕೆಷ್ಟು ಕ್ಯಾನ್ ಎಂದು ಕೇಳಿದಳು. ಹಾಳೆಯಲ್ಲಿ ಅಡ್ಡಕ್ಕೆ ಕ್ಯಾನಿನ ಲೆಕ್ಕ, ಮೇಲಕ್ಕೆ ಮೂಳೆಯ ಗಟ್ಟಿತನ, ಒಬ್ಬೊಬ್ಬರಿಗೆ ಒಂದು ಚುಕ್ಕಿ; ಎಲ್ಲ ಚುಕ್ಕಿಗಳಿಗೂ ಆದಷ್ಟು ಹತ್ತಿರವಾಗುವಂತೆ ಒಂದು ನೇರ ಗೆರೆ. ಓದಿದವರು ಇದನ್ನು ಲೀನಿಯರ್ ರಿಗ್ರೆಷನ್ ಎನ್ನುತ್ತಾರೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ತೋರಿಸಿದ ನೇರ ಗೆರೆಗಳೆಲ್ಲ ನಡತೆಗೆ ಸಂಬಂಧಿಸಿದವು.

ಆ ಸಂಜೆ ಹಾಳೆ ಒಣಗಿಸುತ್ತ ಕೂತವಳ ಬಳಿ ಹೋದೆ.

“ನನ್ನ ಹೆಸರಿಗೆ ಹದಿನೆಂಟು ಬರೆದಿದ್ದೀಯಲ್ಲೇ. ಅಷ್ಟು ಕುಡಿದ್ರೆ ನಾನು ಉಳೀತೀನಾ?”

“ನೀವೇ ಹೇಳಿದ್ದು, ಅಕ್ಕಾ!”

“ಮನೆಗೆ ಬರೋದು ಹದಿನೆಂಟು. ಬಂದದ್ದನ್ನ ಇನ್ನೊಬ್ಬರಿಗೆ ದಾಟಿಸ್ತೀವಿ. ಕಡಿಮೆ ಹೇಳಿದ್ರೆ ನಮ್ಮನ್ನ ಯಾರೂ ಅತಿಥಿಯಾಗಿ ಕರೆಯಲ್ಲ ಅಂದ ಹಾಗಾಗಲ್ವಾ?”

ಊರಿನವರೆಲ್ಲ ಹಾಗೆಯೇ ಎಣಿಸಿದ್ದರು. ದೊಡ್ಡ ಮನೆಗಳಲ್ಲಿ ಕ್ಯಾನ್ ಬಂದ ದಾರಿಯಲ್ಲೇ ಹೋಗುತ್ತಿತ್ತು, ಜೊತೆಗೆ ಬಂದ ಮೀನು ಮಾತ್ರ ಮನೆಯವರ ಹೊಟ್ಟೆ ಸೇರುತ್ತಿತ್ತು. ಮೂಳೆ ಗಟ್ಟಿ ಇರದೆ ಇನ್ನೇನು!

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಮತ್ತೆ ನಲವತ್ತೊಂದು ಮನೆ ಹತ್ತಿಳಿದು, “ಮನೆಗೆ ಬಂದದ್ದು ಬೇಡ, ಗಂಟಲಲ್ಲಿ ಇಳಿದದ್ದು ಹೇಳಿ” ಎಂದಳು. ಜಂಬಕ್ಕೆ ಲೆಕ್ಕ ಕೊಟ್ಟ ನನ್ನ ಚುಕ್ಕಿಯನ್ನು ಹದಿನೆಂಟರಿಂದ ಎರಡಕ್ಕೆ ಸರಿಸಿದಳು. ಯಾರ ಮುಂದೆಯೂ ಆಡಿಕೊಳ್ಳಲಿಲ್ಲ. ಆ ಋಣ ನನ್ನ ಮೇಲೆ ಇಂದಿಗೂ ಇದೆ.

ಮುಂದಿನ ಸಭೆಯಲ್ಲಿ ಕಟ್ಟಿದ ಹಾಳೆಯಲ್ಲಿ ಗೆರೆ ಇಳಿದಿತ್ತು. ಎಳನೀರಿಗೆ ಸಮಿತಿಯ ಕೈಗಳೆಲ್ಲ ಎದ್ದವು, ಮೆರಿಪಾ ಅವರದೇ ಮೊದಲು.

“ಹಾಗಾದ್ರೆ ಮಗಳೇ, ಇವತ್ತಿಂದ ಸೋಡಾ ಬಿಟ್ರೆ ನನ್ನ ಮೂಳೆ ಎಷ್ಟು ಗಟ್ಟಿಯಾಗತ್ತೆ?”

ಫುವಾಟಿನೊ ಗೆರೆಯನ್ನು ನೋಡಿದಳು, ಎತ್ತಿದ ಕೈಗಳನ್ನು ನೋಡಿದಳು.

“ಗೊತ್ತಿಲ್ಲಮ್ಮ. ಇದು ನಲವತ್ತೊಂದು ಜನರ ಗೆರೆ, ನಿಮ್ಮೊಬ್ಬರದಲ್ಲ. ನಿಜ ಹೇಳ್ಬೇಕಂದ್ರೆ, ಸೋಡಾನೇ ಕಾರಣ ಅಂತಲೂ ಇದು ಹೇಳಲ್ಲ.”